ಮೌನದ ಕೋಣೆಯ ಗಂಟೆ

ಹೊಳೆ ದಂಡೇಲಿ ಒಂದು ಆಶ್ರಮ. ಅಲ್ಲಿ ಸದ್ಯೋಜಾತಯ್ಯ ಅಂತ ಒಬ್ರು ಗುರುಗಳು. ಮೊದ್ಲು ಕಾಲೇಜಲ್ಲಿ ಕಂಪ್ಯೂಟರ್ ಪಾಠ ಹೇಳ್ತಿದ್ರು, ಕಾವಿ ಉಟ್ಟ ಮೇಲೂ ಆ ಪಾಠ ಬಿಡ್ಲಿಲ್ಲ. ಎಲ್ರೂ ಅವರನ್ನ ಅಯ್ಯನೋರು ಅಂತಿದ್ರು.

ಅವರ ಶಿಷ್ಯ ಇಂದುಧರ. ಬುದ್ಧಿ ಬಲು ಚುರುಕು. ತಾಳ್ಮೆ ಮಾತ್ರ ಸಾಸಿವೆ ಕಾಳಷ್ಟೂ ಇಲ್ಲ.

ಅವತ್ತು ಮಧ್ಯಾಹ್ನ ಅವನು ಜಗಲಿಗೆ ಓಡಿ ಬಂದು ಧೊಪ್ಪಂತ ಕೂತ. "ಅಯ್ಯನೋರೆ, ನನ್ ಕೈಲಿ ಆಗಲ್ಲ! ಈ ದರಿದ್ರ ಪ್ರೋಗ್ರಾಂನ ಹೊಳೆಗೆ ಎಸೀತೀನಿ. ಅದರ ಹಿಂದೇನೇ ನಾನೂ ಹಾರ್ತೀನಿ!"

"ಊಟ ಮಾಡ್ಕೊಂಡು ಹಾರು," ಅಂದ್ರು ಅಯ್ಯನೋರು. "ಏನಾಯ್ತು?"

ಆಗಿದ್ದು ಇಷ್ಟು. ಆಶ್ರಮದಲ್ಲಿ ಒಂದು ಮೌನದ ಕೋಣೆ ಇದೆ. ಅದರೊಳಗೆ ಕೂತಿರೋರು ದಾಕ್ಷಾಯಣಮ್ಮ, ನಿವೃತ್ತ ಟೀಚರ್, ಎಲ್ರಿಗೂ ಮೇಡಂ. ಒಂದು ಹಳಗನ್ನಡ ಕಾವ್ಯ ಪೂರ್ತಿ ಓದಿ ಮುಗಿಸೋವರೆಗೂ ಮಾತಾಡಲ್ಲ ಅಂತ ವ್ರತ ಹಿಡಿದಿದ್ರು. ನಿಘಂಟಿನ ಸಣ್ಣಕ್ಷರ ಅವರ ಕಣ್ಣಿಗೆ ಕಾಣಲ್ಲ. ಮಾತಾಡೋ ಹಾಗಿಲ್ಲ, ಹಂಗಾಗಿ ಅರ್ಥ ಇನ್ನೊಬ್ರನ್ನ ಕೇಳೋ ಹಾಗೂ ಇಲ್ಲ.

ಅದಕ್ಕೇ ಇಂದುಧರ ಒಂದು ಪ್ರೋಗ್ರಾಂ ಬರೆದಿದ್ದ. ಹೊರಗೆ ಅವನದೇ ಚೌಕಟ್ಟು, ಅದರೊಳಗೆ ಒಂದು ಬ್ರೌಸರ್ ಕೂರಿಸಿದ್ದ, ಆ ಬ್ರೌಸರ್‌ನಲ್ಲಿ ಕಾವ್ಯ, ದಪ್ಪ ದಪ್ಪ ಅಕ್ಷರದಲ್ಲಿ. ಮೇಡಂ ಮೌಸ್ ಎಳೆದು ಒಂದು ಪದ ಹಿಡಿದ್ರೆ ಸಾಕು, ಪಕ್ಕದಲ್ಲಿ ಅರ್ಥ ಬರ್ಬೇಕು.

ಬರ್ತಿರ್ಲಿಲ್ಲ.

"ಬೆಳಿಗ್ಗೆ ಪಕ್ಕದಲ್ಲೇ ನಿಂತು ನೋಡ್ದೆ ಅಯ್ಯನೋರೆ. ಮೇಡಂ ಪದ ಹಿಡೀತಾರೆ, ಪದ ನೀಲಿ ಆಗುತ್ತೆ, ನನಗೆ ಕಾಣುತ್ತೆ, ಅವರಿಗೆ ಕಾಣುತ್ತೆ, ಗೋಡೆ ಮೇಲಿನ ಹಲ್ಲಿಗೂ ಕಾಣುತ್ತೆ! ನನ್ ಪ್ರೋಗ್ರಾಂಗೆ ಮಾತ್ರ ಏನೂ ಗೊತ್ತಾಗಲ್ಲ!"

"ನೀನೇನ್ ಮಾಡಿದ್ದೆ?"

"ಹೊರಗಿನ ಚೌಕಟ್ಟಿಗೆ ಹೇಳಿದ್ದೆ, ಮೌಸ್ ಅಲ್ಲಾಡಿದ್ರೆ ತಿಳ್ಸು ಅಂತ. ಬ್ರೌಸರ್ ಒಳಗೆ ಮೌಸ್ ಕುಣಿದು ಕುಪ್ಪಳಿಸಿದ್ರೂ ಹೊರಗೆ ಒಂದು ಸದ್ದಿಲ್ಲ."

"ಆಮೇಲೆ?"

"ಆಮೇಲೆ ಚೌಕಟ್ಟಿನ ಮೇಲೆ 'ಅರ್ಥ' ಅಂತ ಒಂದು ಬಟನ್ ಇಟ್ಟೆ. ಪದ ಹಿಡಿದು ಬಟನ್ ಒತ್ತಿ ಅಂದೆ. ಅವರು ಒತ್ತಿದ್ರು. ಒತ್ತಿದ ತಕ್ಷಣ ಪದದ ಮೇಲಿದ್ದ ನೀಲಿನೇ ಮಾಯ!"

"ಆಮೇಲೆ?"

"ಆಮೇಲೆ ಸಿಟ್ಟು ಬಂತು. ಕಣ್ಣು ಮಿಟುಕಿಸೋ ಅಷ್ಟರಲ್ಲಿ ನಾಕು ಸಲ ಬ್ರೌಸರ್‌ನ ಕೇಳು ಅಂತ ಹಾಕ್ದೆ. ಏನಾದ್ರೂ ಹಿಡಿದ್ರಾ? ಹಿಡಿದ್ರಾ? ಹಿಡಿದ್ರಾ? ಮೇಡಂ 'ಕಣ್ಬೊನಲ್' ಅಂತ ಹಿಡಿಯೋಕೆ ಹೋದ್ರು, ಕಣ್ಣೀರ ಹೊಳೆ ಅಂತ ಅರ್ಥ. ಅವರಿನ್ನೂ ಅರ್ಧ ಎಳೆದಿಲ್ಲ, ಇದು 'ಕಣ್ಣು, ಕಣ್ಣು, ಕಣ್ಣು' ಅಂತ ಪಕ್ಕದಲ್ಲಿ ಮಿಣಮಿಣ ಅನ್ನೋಕೆ ಶುರು! ಪುಟ ತಡವರಿಸ್ತು. ಮೇಡಂ ಎದ್ರು, ಬಟ್ಟೆ ಗಂಟು ಕಟ್ಟಿದ್ರು, ಬಾಗಿಲಾಚೆ ತಂದಿಟ್ರು."

ಅಯ್ಯನೋರು ಆ ಕಡೆ ನೋಡಿದ್ರು. ಮೌನದ ಕೋಣೆ ಹೊಸ್ತಿಲ ಹೊರಗೆ ಹಸಿರು ಸೀರೇಲಿ ಕಟ್ಟಿದ ಗಂಟು ಕೂತಿತ್ತು.

"ಸಂಜೆ ದೋಣಿಗೆ ಹೊರಟುಬಿಡ್ತಾರೆ ಅಯ್ಯನೋರೆ. ವ್ರತ ಮುರಿದು ಹೋಗುತ್ತೆ. ನನ್ನಿಂದ!"

ಅಯ್ಯನೋರು ಉಸ್ಸಪ್ಪಾ ಅಂತ ಎದ್ರು. "ಮೇಡಂಗೆ ಹಸಿವಾದ್ರೆ ನಿಂಗೆ ಹೆಂಗೆ ಗೊತ್ತಾಗುತ್ತೆ?"

"ಗಂಟೆ ಬಾರಿಸ್ತಾರಲ್ಲ!"

ಆಶ್ರಮದ ಪದ್ಧತಿ ಅದು. ಮೌನದಲ್ಲಿರೋರ ಕೈಗೆ ಎಟುಕೋ ಹಾಗೆ ಒಂದು ಹಗ್ಗ. ಅದು ಗೋಡೆ ತೂತಿನಿಂದ ಹೊರಗೆ ಬಂದು ಅಡುಗೆಮನೆ ಗಂಟೆಗೆ ಸೇರುತ್ತೆ. ಬೇಕಾದಾಗ ಒಳಗಿಂದ ಎಳೀತಾರೆ, ಇಂದುಧರ ಎಲೆ ಅನ್ನ ತಗೊಂಡು ಓಡ್ತಾನೆ.

ಅಯ್ಯನೋರು ಏನ್ ಮಾಡಿದ್ರು ಗೊತ್ತಾ? ನೆಟ್ಟಗೆ ಹೋಗಿ ಆ ಹಗ್ಗನ ಹೊರಗಿನಿಂದ ಸರಸರ ಎಳ್ಕೊಂಡುಬಿಟ್ರು! ಗಂಟೆ ಬಿಚ್ಚಿ ತಂದು ಬಾಗಿಲ ಹೊರಗಿನ ಚಿಲಕಕ್ಕೆ ಕಟ್ಟಿದ್ರು.

"ಅಯ್ಯನೋರೆ! ಊಟದ ಹೊತ್ತು ಇದು!"

"ಗಂಟೆ ಇದೆಯಲ್ಲ. ಬಾಗಿಲಿಗೇ ಕಟ್ಟಿದೀನಿ. ಕೂತು ಕೇಳು."

ಇಂದುಧರ ಕೂತ. ಗಂಟೆ ಸುಮ್ನಿತ್ತು. ಒಳಗೆ ಕುರ್ಚಿ ಎಳೆದ ಸದ್ದು, ಲೋಟ ಇಟ್ಟ ಸದ್ದು. ಗಂಟೆ ಸುಮ್ನಿತ್ತು.

ಅವನಿಗೆ ತಡೆಯೋಕಾಗ್ಲಿಲ್ಲ. ಬಾಗಿಲು ತಟ್ದ. "ಮೇಡಂ, ಊಟ ಬೇಕಾ?"

ಉತ್ತರ ಇಲ್ಲ. ಮೌನ ವ್ರತ ಅಲ್ವಾ!

ಇನ್ನೊಂದು ಸಲ ತಟ್ದ. "ಬೇಕಾ ಮೇಡಂ?" ಉಸಿರು ಬಿಡೋದ್ರೊಳಗೆ ಮತ್ತೆ ತಟ್ದ. "ಈಗ ಬೇಕಾ?"

ದಡ್ಡನೆ ಬಾಗಿಲು ತೆರೀತು. ದಾಕ್ಷಾಯಣಮ್ಮ ನಿಂತಿದ್ರು, ಕನ್ನಡಕ ಹಣೆ ಮೇಲೆ. ಒಂದು ಬೆರಳೆತ್ತಿ ಕಂಪ್ಯೂಟರ್ ಕಡೆ ತೋರಿಸಿದ್ರು. ಯಾವುದೋ ಸಾಲಲ್ಲಿದ್ರು ಪಾಪ, ಇವನು ತಟ್ಟಿದ್ದಕ್ಕೆ ಆ ಸಾಲೇ ತಪ್ಪಿಹೋಗಿತ್ತು. ಅದೇ ಬೆರಳನ್ನ ಇವನ ಮೂಗಿನ ಮುಂದೆ ಆಡಿಸಿದ್ರು. ಬಾಗಿಲು ಮತ್ತೆ ದಡ್ಡಂತ ಮುಚ್ಕೊಳ್ತು.

ಅದಕ್ಕೆ ಮಾತ್ರ ಚಿಲಕದ ಗಂಟೆ ಢಣ್ ಅಂತು.

"ಬಾರಿಸ್ತು ನೋಡು," ಅಂದ್ರು ಅಯ್ಯನೋರು.

"ಅದು ಊಟಕ್ಕಲ್ಲ ಅಯ್ಯನೋರೆ, ನನಗೆ ಉಗಿದಿದ್ದು!" ಇಂದುಧರ ತಲೆ ತಲೆ ಚಚ್ಕೊಂಡ. "ನಿಮಗೇನಾದ್ರೂ ಬುದ್ಧಿ... ತಪ್ಪಾಯ್ತು, ಆದ್ರೂ ಹೇಳ್ತೀನಿ. ಗಂಟೆನ ಹೊರಗಿನ ಬಾಗಿಲಿಗೆ ಕಟ್ಟಿದ್ರೆ ಒಳಗಿರೋರು ಏನ್ ಮಾಡಿದ್ರೂ ಅದಕ್ಕೆ ಹೆಂಗೆ ಗೊತ್ತಾಗ್ಬೇಕು? ನಾನು ಕೇಳೋಕೆ ಹೋದ್ರೆ ಅವರ ಕೆಲಸ ಕೆಡುತ್ತೆ. ಹಗ್ಗ ಒಳಗೆ ಇರ್ಬೇಕು! ಅವರ ಕೈ ಹತ್ರ ಇರ್..."

ಬಾಯಿ ಹಂಗೇ ತೆರೆದು ನಿಂತ.

ಅಯ್ಯನೋರು ಎಲೆ ಅಡಿಕೆ ಮಡಚ್ತಿದ್ರು. "ಹೇಳು, ಹೇಳು. ನನಗೆ ಬುದ್ಧಿ ಇಲ್ಲ ಅಂತಿದ್ದೆ."

"ಪುಟದ ಒಳಗೇ ಒಂದು ಹಗ್ಗ ಕಟ್ಬೇಕು! ಬ್ರೌಸರ್ ಒಳಗೇ ಕೂತ್ಕೊಂಡು ಹೊರಗಿರೋ ನನ್ ಪ್ರೋಗ್ರಾಂನ ಕೂಗೋ ನಾಕು ಸಾಲು ಸ್ಕ್ರಿಪ್ಟ್! ಮೇಡಂ ಪದ ಹಿಡಿಯೋಕೆ ಶುರು ಮಾಡಿದ ಕೂಡ್ಲೇ..."

"ಆ ಗಂಟೆ ಹಗ್ಗ ಇತ್ತಲ್ಲ. ಮೇಡಂ ಅದನ್ನ ಮುಟ್ಟಿದ ಕೂಡ್ಲೇ ಓಡ್ತಿದ್ಯಾ, ಎಳೆದ ಮೇಲಾ?"

"ಎಳೆದ... ಓ! ಮೌಸ್ ಬಿಟ್ಟ ಮೇಲೆ! ಪದ ಪೂರ್ತಿ ಹಿಡಿದು, ಬೆರಳು ಎತ್ತಿದ ಮೇಲೆ ಕೂಗ್ಬೇಕು!"

ಓಡ್ದ. ಉಟ್ಟ ಪಂಚೆ ಕಾಲಿಗೆ ಸಿಕ್ಕಿ ಮುಗ್ಗರಿಸಿ, ಎದ್ದು ಮತ್ತೆ ಓಡ್ದ. ಜಗಲಿ ಕೊನೇಲಿದ್ದ ತನ್ನ ಕಂಪ್ಯೂಟರ್ ಮುಂದೆ ಕೂತು ಹಳೇದನ್ನೆಲ್ಲಾ ಕಿತ್ತು ಹಾಕ್ದ. ಬಟನ್ ಹೋಯ್ತು. ಕ್ಷಣ ಕ್ಷಣಕ್ಕೂ ಪೀಡಿಸೋ ಪ್ರಶ್ನೆ ಹೋಯ್ತು. ಪುಟದೊಳಗೆ ನಾಕೇ ಸಾಲು ಕೂರಿಸ್ದ. ತಾನೇ ಒಂದು ಪದ ಎಳೆದ, ಬೆರಳು ಎತ್ತಿದ. ಪಕ್ಕದಲ್ಲಿ ತಣ್ಣಗೆ ಬಂತು: ಕಣ್ಣೀರ ಹೊಳೆ.

ಅವನ ಕಣ್ಣಲ್ಲೂ ಒಂಚೂರು ಹರೀತು, ಸುಳ್ಳ್ಯಾಕೆ.

ಹೊಸ ಪ್ರೋಗ್ರಾಂನ ತಂತಿ ಮೇಲೆ ಕೋಣೆಯೊಳಗಿನ ಕಂಪ್ಯೂಟರ್‌ಗೆ ಕಳಿಸಿದ. ಚಿಲಕದಿಂದ ಗಂಟೆ ಬಿಚ್ಚಿ ಅಡುಗೆಮನೆಗೆ ಕಟ್ಟಿ, ಹಗ್ಗದ ತುದಿನ ಗೋಡೆ ತೂತೊಳಗೆ ತೂರಿಸ್ದ. ಒಳಗಿಂದ ಯಾರೋ ಅದನ್ನ ಮೆಲ್ಲಗೆ ಎಳ್ಕೊಂಡ್ರು.

ಅಷ್ಟರಲ್ಲಿ ಸಂಜೆ ಆಗಿತ್ತು. ಹೊಳೆ ಆ ದಡದಲ್ಲಿ ಅಂಬಿಗ ದೋಣಿ ಬಿಚ್ತಿದ್ದ.

"ಬರ್ತಿದೆ ಅಯ್ಯನೋರೆ, ದೋಣಿ ಬರ್ತಿದೆ! ಗಂಟು ಇನ್ನೂ ಹೊರಗೇ ಇದೆ! ಒಂದೇ ಒಂದು ಸಲ ಕೇಳ್ಬಿಡ್ಲಾ? 'ಬಂತಾ ಮೇಡಂ' ಅಂತ? ಒಂದೇ ಸಲ!"

ಕೇಳ್ತಾ ಕೇಳ್ತಾನೇ ಬಾಗಿಲಿಗೆ ಕೈ ಎತ್ತಿದ್ದ. ಅಯ್ಯನೋರು ಹಿಂದಿನಿಂದ ಬಂದು ಆ ಕೈ ಹಿಡ್ಕೊಂಡ್ರು. ಬಿಡ್ಲೇ ಇಲ್ಲ. ಹಂಗೇ ಎಳ್ಕೊಂಡು ಬಂದು ಅಡುಗೆಮನೆ ಮೆಟ್ಟಿಲ ಮೇಲೆ ಕೂರಿಸಿದ್ರು.

ದೋಣಿ ನಡುನೀರಿಗೆ ಬಂತು. ಈ ದಡಕ್ಕೆ ಬಂತು. ಅಂಬಿಗ "ಯಾರಾದ್ರೂ ಬರೋರಿದ್ದೀರೇನ್ರೋ?" ಅಂತ ಕೂಗ್ದ.

ಮೌನದ ಕೋಣೆ ಬಾಗಿಲು ಕಿರ್ ಅಂತು. ಒಂದು ಕೈ ಹೊರಗೆ ಬಂತು. ಹಸಿರು ಗಂಟಿನ ಮೇಲೆ ಕೂತು, ಒಂದು ಗಳಿಗೆ ಹಂಗೇ ಇತ್ತು.

ಕೈ ಗಂಟನ್ನ ಒಳಗೆ ಎಳ್ಕೊಳ್ತು. ಬಾಗಿಲು ಮುಚ್ಕೊಳ್ತು.

ದೋಣಿ ಖಾಲಿ ಹೋಯ್ತು.

ಇಂದುಧರ ಎದ್ದು ಕುಣಿಯೋಕೆ ಹೊರಟಿದ್ದ, ಅಷ್ಟರಲ್ಲಿ ತಲೆ ಮೇಲೆ ಗಂಟೆ ಢಣಢಣ ಅಂತು.

"ಅಯ್ಯನೋರೆ, ಕೇಳಿದ್ರಾ! ಊಟಕ್ಕೆ ಕರೀತಿದ್ದಾರೋ, ಅರ್ಥ ಬಂತು ಅಂತ ಹೇಳ್ತಿದ್ದಾರೋ? ಯಾವುದಿರ್ಬಹುದು? ಹೋದಾಗ ಕೇಳ್ಲಾ? ಸನ್ನೇಲಿ ಹೇಳಿದ್ರೂ ಸಾಕು!"

ಅಯ್ಯನೋರು ಅವನ ಕೈಗೆ ಎಲೆ ಕೊಟ್ರು, ಅದರ ಮೇಲೆ ಬಿಸಿ ಅನ್ನ ಬಡಿಸಿದ್ರು.

"ಅನ್ನ ತಗೊಂಡ್ಹೋಗು. ಪ್ರಶ್ನೆ ಇಲ್ಲೇ ಇಟ್ಟು ಹೋಗು."