ಆರನೆಯದೋ ಏಳನೆಯದೋ

"ಗುರುಗಳೇ, ವಿಡಿಯೋ ಗೇಮ್ ಯಂತ್ರಗಳ ತಲೆಮಾರನ್ನು ಯಾವುದರಿಂದ ಎಣಿಸಬೇಕು?" ಎಂದು ಶಿಷ್ಯ ಕೇಳಿದ. ಅವನು ಆ ಯಂತ್ರಗಳ ಚರಿತ್ರೆ ಬರೆಯುತ್ತಿದ್ದ. "ಮಾರುಕಟ್ಟೆಗೆ ಬಂದ ವರ್ಷದಿಂದ ಎನ್ನುತ್ತಾರೆ ಕೆಲವರು. ಯಂತ್ರದ ಶಕ್ತಿಯಿಂದ, ಅಂದರೆ ಅದು ಎಷ್ಟು ವೇಗವಾಗಿ, ಸ್ಪಷ್ಟವಾಗಿ ಚಿತ್ರ ಮೂಡಿಸುತ್ತದೆ ಎಂಬುದರಿಂದ ಎನ್ನುತ್ತಾರೆ ಇನ್ನು ಕೆಲವರು. ನನ್ನ ಬರವಣಿಗೆ ಅಲ್ಲೇ ನಿಂತಿದೆ."

ಗುರುಗಳು ಹೇಳತೊಡಗಿದರು.

ಒಂದು ಊರಿನ ವಸ್ತುಸಂಗ್ರಹಾಲಯದಲ್ಲಿ ಒಬ್ಬ ಮೇಲ್ವಿಚಾರಕನಿದ್ದ. ಹಳೆಯ ಗೇಮ್ ಯಂತ್ರಗಳನ್ನು ತಲೆಮಾರಿನ ಪ್ರಕಾರ ಕಪಾಟಿನಲ್ಲಿ ಜೋಡಿಸುವ ಕೆಲಸ ಅವನ ಪಾಲಿಗೆ ಬಂತು. ಅದು ಅವನಿಗೆ ಇಷ್ಟದ ಕೆಲಸವೇ. ಎಳವೆಯಿಂದಲೂ ಅವನಿಗೆ ಆ ಯಂತ್ರಗಳ ಹುಚ್ಚು. ಹುಚ್ಚು ಹಿಡಿಸಿದವಳು ಅವನ ಅಕ್ಕ. ಟಿ.ವಿ.ಗೆ ತಂತಿ ಸಿಕ್ಕಿಸಿ, ನೆಲದ ಮೇಲೆ ಕೂತು, ಎರಡೇ ಗುಂಡಿಗಳ ಯಂತ್ರದಲ್ಲಿ ಇಬ್ಬರೂ ಎಷ್ಟೋ ಬೇಸಿಗೆ ರಜೆಗಳನ್ನು ಕಳೆದಿದ್ದರು.

ಅಕ್ಕ ಮದುವೆಯಾಗಿ ಹೋದಳು. ಅವನು ಕೆಲಸಕ್ಕೆ ಸೇರಿದ ಮೇಲೆ ಹೊಸ ಯಂತ್ರ ಕೊಂಡ. ಅದು ಹಳತಾಯಿತೆಂದು ಇನ್ನೊಂದು ಕೊಂಡ. ಅಕ್ಕ ತವರಿಗೆ ಬಂದಾಗ ಆಸೆಯಿಂದ ಅವಳ ಕೈಗೆ ಹೊಸದರ ರಿಮೋಟು ಕೊಟ್ಟ. ಅದರ ತುಂಬ ಗುಂಡಿಗಳು. ಓಡಿಸಲು ಹೋದರೆ ತೆರೆಯ ಮೇಲಿನ ಗೊಂಬೆ ಹಾರುತ್ತಿತ್ತು, ಹಾರಿಸಲು ಹೋದರೆ ನಿಲ್ಲುತ್ತಿತ್ತು. ಸ್ವಲ್ಪ ಹೊತ್ತಿಗೆ ಅವಳು ನಕ್ಕು ಕೆಳಗಿಟ್ಟಳು.

"ಇದೆಲ್ಲ ನಿನ್ನ ಕಾಲದ್ದು ಕಣೋ. ನೀನೇ ಆಡು," ಎಂದು ಎದ್ದು ಅಡುಗೆಮನೆಗೆ ಹೋದಳು.

ಅಲ್ಲಿಂದ ಮುಂದೆ ಅವನು ಒಬ್ಬನೇ ಆಡಿದ. ಪ್ರತಿ ಹೊಸ ಯಂತ್ರ ತಂದಾಗಲೂ ಎರಡನೆಯ ರಿಮೋಟನ್ನು ಪೆಟ್ಟಿಗೆಯಿಂದ ತೆಗೆಯುತ್ತಿದ್ದ, ಸ್ವಲ್ಪ ಹೊತ್ತು ಹಿಡಿದು ಕೂತು ಮತ್ತೆ ಒಳಗಿಡುತ್ತಿದ್ದ.

ಕಪಾಟು ಜೋಡಿಸುವಾಗ ಒಂದು ಯಂತ್ರ ಮಾತ್ರ ಎಲ್ಲಿಯೂ ಕೂರಲಿಲ್ಲ. ಬಂದ ವರ್ಷ ನೋಡಿದರೆ ಅದು ಏಳನೆಯ ತಲೆಮಾರು. ಶಕ್ತಿ ನೋಡಿದರೆ ಆರನೆಯದು. ಮೂರು ದಿನ ಅದನ್ನು ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಎತ್ತಿಟ್ಟು ನೋಡಿದ. ಅದು ಹೊಸದಾಗಿ ಬಂದಾಗ ಅವನು ಅಂಗಡಿಯಲ್ಲಿ ನೋಡಿದ್ದ. ಶಕ್ತಿ ಸಾಲದೆಂದು ಕೊಂಡಿರಲಿಲ್ಲ. ನಾಲ್ಕನೆಯ ದಿನ, ಕೆಲಸ ಮಾಡುತ್ತದೆಯೇ ಎಂದು ತಿಳಿಯಲು ಟಿ.ವಿ.ಗೆ ಜೋಡಿಸಿದ. ಅದಕ್ಕೆ ಗುಂಡಿಗಳ ಗೊಡವೆ ಹೆಚ್ಚಿರಲಿಲ್ಲ. ಕೋಲಿನಂಥ ರಿಮೋಟನ್ನು ಹಿಡಿದು ಕೈ ಬೀಸಿದರೆ ತೆರೆಯ ಮೇಲಿನ ಗೊಂಬೆಯೂ ಟೆನಿಸ್ ಬ್ಯಾಟು ಬೀಸುತ್ತಿತ್ತು. ಎರಡು ಸಲ ಬೀಸಿ ಅವನು ನಿಂತುಬಿಟ್ಟ. ಇದನ್ನು ಅಂದೇ ತಂದಿದ್ದರೆ ಅಕ್ಕ ಆಡುತ್ತಿದ್ದಳು, ಎನ್ನಿಸಿತು.

ಮಾರನೆಯ ದಿನ ಹಳೆಯ ಸಾಮಾನಿನ ಅಂಗಡಿಗಳನ್ನು ಸುತ್ತಿ ಅಂಥದೇ ಒಂದನ್ನು ಕೊಂಡು, ಅಕ್ಕನ ಊರಿನ ಬಸ್ಸು ಹತ್ತಿದ.

ಹಿಂದಿನ ವರ್ಷ ಅಕ್ಕನಿಗೆ ಲಕ್ವ ಹೊಡೆದಿತ್ತು. ಬಲಗೈ ಮೇಲೇಳುತ್ತಿರಲಿಲ್ಲ. ಅದು ಅವನಿಗೆ ಗೊತ್ತಿತ್ತು, ಆದರೂ ಹೋದ. ರಿಮೋಟನ್ನು ಅವಳ ಎಡಗೈಗೆ ಕೊಟ್ಟು, ಜಾರದಂತೆ ಅದರ ದಾರವನ್ನು ಮಣಿಕಟ್ಟಿಗೆ ಸಿಕ್ಕಿಸಿದ. ಮೊದಲ ಚೆಂಡು ತಪ್ಪಿತು. ಆಮೇಲಿನವೂ ತಪ್ಪಿದವು. ಕೊನೆಗೊಂದು ತಾಗಿತು. ಅವಳು ಚಿಕ್ಕ ಹುಡುಗಿಯಂತೆ ಕೂಗಿದಳು. ಆಟ ಸೋತಳು.

"ಇನ್ನೊಂದು ಆಟ," ಎಂದಳು.

ಮಧ್ಯಾಹ್ನವೆಲ್ಲ ಆಡಿದರು. ದಣಿದು ದಿಂಬಿಗೆ ಒರಗಿದ ಮೇಲೆ ಅವಳು ಕೇಳಿದಳು:

"ಇದು ಈಗ ಬಂದದ್ದೇನೋ?"

"ಇಲ್ಲ ಅಕ್ಕ. ಬಂದು ಬಹಳ ವರ್ಷವಾಯಿತು."

"ನನ್ನ ಕೈ ಗಟ್ಟಿಯಿದ್ದಾಗಲೇ ಇತ್ತಾ?"

"ಇತ್ತು."

"ಮತ್ತೆ ಯಾಕೋ ತರಲಿಲ್ಲ?"

ಶಕ್ತಿ ಕಡಿಮೆಯದೆಂದು ಅವನು ತಂದಿರಲಿಲ್ಲ. ತಲೆ ತಗ್ಗಿಸಿ, ಅವಳ ಮಣಿಕಟ್ಟಿನ ದಾರ ಬಿಡಿಸುತ್ತ ಕೂತ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯ ಕೇಳಿದ: "ಕೊನೆಗೆ ಅವನು ಆ ಯಂತ್ರವನ್ನು ಯಾವ ಸಾಲಿನಲ್ಲಿಟ್ಟ?"

"ವರ್ಷ ನೋಡಿ ಏಳನೆಯದರಲ್ಲಿಟ್ಟ, ನೀನೂ ಹಾಗೆಯೇ ಗೆರೆ ಎಳೆ, ಆದರೆ ಆ ಗೆರೆಯ ಆಚೆ, ಅವನ ಅಕ್ಕನಂತೆ, ಯಾರು ಉಳಿಯುತ್ತಾರೆಂದು ನೋಡಿ ಎಳೆ," ಎಂದರು ಗುರುಗಳು.

ಶಿಷ್ಯ ನಿಲ್ಲಿಸಿದ್ದ ಬರವಣಿಗೆಯನ್ನು ಮತ್ತೆ ಕೈಗೆತ್ತಿಕೊಂಡ.