ಪೇಟೆ ಆರಿಸಿದ ಸಲಹೆಗಾರ

ಹೊಳೆಯಾಚೆ ನೇಕಾರರ ಪೇಟೆಯೊಂದಿತ್ತು. ಅಲ್ಲಿ ನೇಯ್ದ ಬಟ್ಟೆ ಒಂದೆರಡು ಒಗೆತಕ್ಕೇ ಬಣ್ಣ ಬಿಡುತ್ತಿತ್ತು, ವ್ಯಾಪಾರ ಬಿದ್ದುಹೋಗಿತ್ತು. ಕಾರಣ ಹುಡುಕಿ ಹೇಳುವವನನ್ನೇ ಪೇಟೆಯ ಸಲಹೆಗಾರನನ್ನಾಗಿ ಇಟ್ಟುಕೊಳ್ಳುತ್ತೇವೆಂದು ಹಿರಿಯರು ಸುತ್ತಲಿನ ಆಶ್ರಮಗಳಿಗೆಲ್ಲ ಹೇಳಿಕಳಿಸಿದರು.

ಈಚೆ ದಡದ ಆಶ್ರಮದಿಂದ ಹೊರಡುವಾಗ ಶಿಷ್ಯ ಪದ್ಮರಸ ಕೇಳಿದ: "ಗುರುಗಳೇ, ಅಷ್ಟು ಜನರ ನಡುವೆ ನಾನು ಎದ್ದು ಕಾಣುವುದು ಹೇಗೆ?"

"ನಿನ್ನ ಜೊತೆಗಾರ ಬೊಮ್ಮಣ್ಣನೂ ಬರುತ್ತಾನೆ. ಇಬ್ಬರೂ ಕೂಡಿ ಹೋಗಿಬನ್ನಿ."

ಕೇಳಿದ್ದಕ್ಕೆ ಇದು ಉತ್ತರವಲ್ಲ ಎಂದುಕೊಂಡ ಪದ್ಮರಸ.

ಹಿಂತಿರುಗಿದಾಗ ಸುದ್ದಿ ಹೇಳಿದವನು ಬೊಮ್ಮಣ್ಣ. ಆಯ್ಕೆಯಾದವನು ಪದ್ಮರಸ. ಎಲ್ಲರೂ ಸಂತೋಷಪಟ್ಟರು. ಪದ್ಮರಸ ಮಾತ್ರ ಹೊಳೆಯ ದಡಕ್ಕೆ ಹೋಗಿ ಕುಳಿತುಬಿಟ್ಟ.

ಗುರುಗಳು ಹುಡುಕಿಕೊಂಡು ಬಂದರು.

"ಊಟಕ್ಕೆ ಬರಲಿಲ್ಲ?"

"ಹಸಿವಿಲ್ಲ."

ಗುರುಗಳು ಪಕ್ಕದಲ್ಲೇ ಕುಳಿತರು.

ಪದ್ಮರಸನೇ ಬಾಯಿಬಿಟ್ಟ. "ಪೇಟೆಯ ಬಾವಿಕಟ್ಟೆಯಲ್ಲಿ ಬೊಮ್ಮಣ್ಣ ಪಂಚೆ ಒಗೆದ. 'ಈ ನೀರಲ್ಲಿ ಅಂಟುವಾಳ ನೊರೆಯೇ ಬಿಡುತ್ತಿಲ್ಲ. ಗಡಸು ನೀರು, ಇದರಲ್ಲಿ ಅದ್ದಿದರೆ ಬಣ್ಣ ಕಚ್ಚುವುದಿಲ್ಲ. ತಪ್ಪು ಬಣ್ಣದ್ದಲ್ಲ ಕಣೋ, ನೀರಿನದು' ಅಂದ."

"ಆಮೇಲೆ?"

"ಸಭೆಯಲ್ಲಿ ನನ್ನನ್ನು ಮೊದಲು ಕರೆದರು. ನಾನೇ ಕಂಡುಹಿಡಿದವನ ಹಾಗೆ ಹೇಳಿದೆ. ಎಲ್ಲರೂ ತಲೆದೂಗಿದರು."

"ಬೊಮ್ಮಣ್ಣ ಏನು ಹೇಳಿದ?"

"ನನ್ನ ಕಡೆ ಒಮ್ಮೆ ನೋಡಿದ. 'ಪದ್ಮರಸ ಹೇಳಿದ್ದೇ ಸರಿ, ನನಗೆ ಬೇರೇನೂ ಹೊಳೆಯುತ್ತಿಲ್ಲ' ಅಂದ. ಯಾರೋ ನಕ್ಕರು. ನಾನೂ ನಕ್ಕೆ."

ಹೊಳೆ ಹರಿಯುತ್ತಿತ್ತು. ಗುರುಗಳು ಅದನ್ನೇ ನೋಡುತ್ತಿದ್ದರು.

"ಬೈದುಬಿಡಿ ಗುರುಗಳೇ."

ಗುರುಗಳು ಬೈಯಲಿಲ್ಲ.

"ದಾರಿಯುದ್ದಕ್ಕೂ ಅವನು ಆ ಮಾತೇ ಎತ್ತಲಿಲ್ಲ. ನನಗೆ ಕಾಲು ನೋವೆಂದು ನನ್ನ ಗಂಟನ್ನೂ ತಾನೇ ಹೊತ್ತ. ಜಗಳಕ್ಕಾದರೂ ಬಂದಿದ್ದರೆ ಆಗಿತ್ತು."

ಪದ್ಮರಸ ತಟ್ಟನೆ ಎದ್ದು ನಿಂತ. "ಈಗಲೇ ದೋಣಿ ಹತ್ತುತ್ತೇನೆ. ಸಭೆ ಸೇರಿಸಿ ಎಲ್ಲರೆದುರು ನಿಜ ಹೇಳುತ್ತೇನೆ. ಆ ಕೆಲಸ ಅವನದು."

ಪೇಟೆಗೆ ಪೇಟೆಯೇ ಉಗಿದರೂ ತಡೆದುಕೊಂಡೇನು ಎನ್ನಿಸಿತ್ತು ಅವನಿಗೆ. ಆಶ್ರಮದ ಕಡೆ ಮಾತ್ರ ಅವನು ತಿರುಗಿಯೂ ನೋಡಲಿಲ್ಲ.

ಗುರುಗಳು ಅವನ ಕೈ ಹಿಡಿದರು.

"ಪೇಟೆಗೆ ನಾಳೆ ಹೋಗುವೆಯಂತೆ. ಬೊಮ್ಮಣ್ಣ ನಿನಗೂ ಸೇರಿಸಿ ಎರಡು ಊಟದೆಲೆ ಹಾಸಿಕೊಂಡು, ಉಣ್ಣದೆ ಕೂತಿದ್ದಾನೆ."