ನೆನಪಿಗೆ ತಗಲುವ ಕರೆಂಟು

ಹೊಳೆ ದಂಡೆಯ ಆಶ್ರಮದಲ್ಲಿ ಸಿದ್ಧವೀರಯ್ಯ ಎಂಬ ಗುರುಗಳಿದ್ದರು. ಹಿಂದೆ ಕಂಪ್ಯೂಟರ್ ಪಾಠ ಹೇಳುತ್ತಿದ್ದವರು. ಮುಕ್ತಾ ಅವರ ಶಿಷ್ಯೆ.

ಹೊಳೆಯ ಮಟ್ಟ ಅಳೆದು, ನೀರು ಏರಿದರೆ ಕೆಳಗಿನ ಊರಿನಲ್ಲಿ ಸೈರನ್ ಕೂಗಿಸುವ ಪೆಟ್ಟಿಗೆಯೊಂದನ್ನು ಅವಳು ಮಾಡಿದ್ದಳು. ಅದರ ಬ್ಯಾಟರಿ ಬಿಸಿಲಿನಿಂದ ಚಾರ್ಜ್ ಆಗುತ್ತಿತ್ತು.

ಐದು ದಿನ ಬಿಸಿಲು ಬೀಳಲಿಲ್ಲ. ಮೇಲಿನ ಸೀಮೆಯಲ್ಲಿ ಮಳೆ ಹಿಡಿದಿತ್ತು. ಬ್ಯಾಟರಿ ಶೇಕಡಾ ಒಂಬತ್ತಕ್ಕೆ ಇಳಿಯಿತು.

"ಗುರುಗಳೇ, ಸಂಜೆಯೊಳಗೆ ಪೆಟ್ಟಿಗೆ ನಿಂತುಹೋಗುತ್ತದೆ" ಎಂದಳು ಮುಕ್ತಾ.

"ಕರೆಂಟು ಯಾವುದಕ್ಕೆ ಹೋಗುತ್ತಿದೆ?"

"ನೆನಪಿಟ್ಟುಕೊಳ್ಳುವುದಕ್ಕೆ. ವರ್ಷದ ಅಳತೆಯೆಲ್ಲ ಚುರುಕು ಮೆಮೊರಿಯಲ್ಲಿದೆ. ಕ್ಷಣ ಕರೆಂಟು ತಪ್ಪಿದರೂ ಅದು ಎಲ್ಲ ಮರೆಯುತ್ತದೆ."

"ಮರೆಯದ ಮೆಮೊರಿ ಇಲ್ಲವೇ?"

"ಇದೆ. ಅದಕ್ಕೆ ಬರೆಯುವುದು ನಿಧಾನ. ಬರೆಯುವಾಗ ಕರೆಂಟೂ ಹೆಚ್ಚು ಬೇಕು. ನಡುವೆ ಬ್ಯಾಟರಿ ಕೈಕೊಟ್ಟರೆ?"

ಅವಳ ತುಟಿ ಅಲುಗತೊಡಗಿತು.

"ಏನು ಗುನುಗುತ್ತಿದ್ದೀಯ?"

"ಮೂರು ದಿನದ ಅಳತೆಗಳು. ಪೆಟ್ಟಿಗೆ ಕೆಟ್ಟರೆ ನನಗಾದರೂ ನೆನಪಿರಬೇಕಲ್ಲ. ಕಣ್ಣು ಮುಚ್ಚಲೂ ಹೆದರಿಕೆ."

ಗುರುಗಳು ಒಲೆಯಿಂದ ಇದ್ದಿಲು ತಂದು ಅವಳ ಕೈಗಿಟ್ಟು, ಗೋಡೆ ತೋರಿಸಿದರು.

ಅವಳು ಬರೆದಳು. ಅರ್ಧ ಗೋಡೆ ತುಂಬಿತು. ಬರೆದು ಮುಗಿಸಿ ಅಲ್ಲೇ ಕುಸಿದು ಕೂತಳು.

"ಈಗ ತಲೆಯಲ್ಲಿ ಏನಿದೆ?"

"ಕೊನೆಯ ಅಳತೆ ಒಂದೇ."

"ಸೈರನ್ ಕೂಗಿಸಲು ಪೆಟ್ಟಿಗೆಗೆ ಎಷ್ಟು ಬೇಕು?"

ಮುಕ್ತಾ ಗೋಡೆಯತ್ತ ನೋಡಿದಳು. "ಕಳೆದ ಒಂದು ಗಂಟೆಯದು."

ಎದ್ದು ಪೆಟ್ಟಿಗೆಯ ಪರದೆಯ ಮುಂದೆ ಕೂತಳು. ಹಳೆಯ ಅಳತೆಗಳನ್ನೆಲ್ಲ ಮರೆಯದ ಮೆಮೊರಿಗೆ ಬರೆಸತೊಡಗಿದಳು. ಬ್ಯಾಟರಿಯ ಒಂಬತ್ತು ಏಳಾಯಿತು. ಐದಾಯಿತು.

"ನಿಲ್ಲಿಸಲೇ?"

ಗುರುಗಳು ಗೋಡೆಯ ಬರಹದತ್ತ ಬೆರಳು ತೋರಿಸಿದರು.

ಬ್ಯಾಟರಿ ನಾಲ್ಕಕ್ಕೆ ಇಳಿದಾಗ ಬರಹ ಮುಗಿಯಿತು. ಒಂದು ಗಂಟೆಯ ಅಳತೆಗೆ ಬೇಕಾದಷ್ಟು ಜಾಗ ಬಿಟ್ಟು, ಚುರುಕು ಮೆಮೊರಿಯ ಉಳಿದೆಲ್ಲ ಭಾಗಕ್ಕೆ ಹೋಗುವ ಕರೆಂಟನ್ನು ಅವಳು ನಿಲ್ಲಿಸಿದಳು.

ಸಂಜೆಯಾದರೂ ಬ್ಯಾಟರಿಯಲ್ಲಿ ಇನ್ನೂ ಶೇಕಡಾ ಮೂರು ಉಳಿದಿತ್ತು.

ಆಗ ಹೊಳೆ ಏರಿತು. ಕೆಳಗೆ ಸೈರನ್ ಕೂಗಿತು. ಜನ ದನಕರು ಹೊಡೆದುಕೊಂಡು ದಿಬ್ಬ ಹತ್ತುವುದು ದಂಡೆಯಿಂದ ಕಾಣುತ್ತಿತ್ತು.

ಮುಕ್ತಾ ಪರದೆಯಿಂದ ಕಣ್ಣು ಕೀಳಲಿಲ್ಲ. "ಭಯ ಇನ್ನೂ ಹೋಗಿಲ್ಲ ಗುರುಗಳೇ. ಈಗ ಕರೆಂಟು ತಪ್ಪಿದರೆ ಆ ಒಂದು ಗಂಟೆ ಹೋಗುತ್ತದೆ."

"ಅಷ್ಟು ಭಯ ಇರಲಿ" ಎಂದರು ಗುರುಗಳು. "ಹೊಳೆ ಕಾಯುವವರಿಗೆ ಅದೂ ಬೇಕು."